ಓಬಳೇಶನ ಹೆಸರಿನ ಬೀಗರ ಪದ

೧೯೮೪ರಲ್ಲಿ ಓಬಳೇಶ ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಗಿಟಾರು, ಡ್ರಮ್ಮಿನ ಹಾಡು ಹಚ್ಚಲು ಧ್ವನಿವರ್ಧಕ ಕಟ್ಟಿದ. ನಾಲ್ಕು ಹಾಡಿಗೊಂದು ಊರಿನವರು ಹಾಡಿದ್ದೇ ಇರಬೇಕೆಂದು ಪಂಚಾಯಿತಿ ಷರತ್ತು ಹಾಕಿತು.

ಅದರ ಹಿಂದಿನ ವರ್ಷ ಮದುವೆಯೊಂದರಲ್ಲಿ, "ಈ ಮುದಿಕಿ ಒದರೋದು ಯಾರಿಗೆ ಬೇಕಾಗೈತಿ?" ಎಂದು ನನ್ನ ಕೈಯಿಂದ ಮೈಕು ಕಿತ್ತುಕೊಂಡಿದ್ದ ಓಬಳೇಶನೇ ಈಗ ಟೇಪ್‌ರೆಕಾರ್ಡರ್ ಹಿಡಿದು ನನ್ನ ಬಾಗಿಲಿಗೇ ಬಂದ.

"ಸಾವಂತ್ರಮ್ಮಾರ, ಒಂದು ಪದ ಹಾಡ್ರಿ."

ಗುಂಡಿ ಒತ್ತಿದವನೇ ಚಹಾ ಕುಡಿಯಲು ಹೋದ. ನನ್ನ ಹಾಡು ಕೇಳುವ ಕರ್ಮ ಅವನಿಗೇಕೆ? ಮದುವೆಯಲ್ಲಿ ಬೀಗರನ್ನು ಹೆಸರು ಹಿಡಿದು ಬೈಯುವ ಪದಕ್ಕೆ ಅವನ ಹೆಸರನ್ನೇ ಸೇರಿಸಿ, ಮನಸಾರೆ ಹಾಡಿದೆ.

ಅವನು ಅದನ್ನು ಕೇಳದೆಯೇ ಹಚ್ಚಿದ. ಬಸ್‌ಸ್ಟ್ಯಾಂಡೆಲ್ಲ ಬಿದ್ದು ಬಿದ್ದು ನಕ್ಕಿತು. ಓಬಳೇಶ ಓಡಿ ಬಂದು ಕಾಲು ಹಿಡಿದ.

"ಬ್ಯಾರೆ ಪದ ಹಾಡ್ರಿ, ಯವ್ವಾ!"

"ಹಾಡ್ತೀನಿ, ಹಚ್ಚೋ ಟೇಪು," ಎಂದೆ. "ನಿಮ್ಮಪ್ಪನ ಹೆಸರಿನ ಪದ ಇನ್ನಾ ಐತಿ."