ಗೋಪಿಯ ಕೂದಲು

ಕೂದಲೇ. ಅನುಮಾನವಿರಲಿಲ್ಲ. ಉಪ್ಪಿಟ್ಟಿನ ಎರಡನೆಯ ತುತ್ತಿಗೇ ನಾಲಗೆಯ ತುದಿಗೆ ಸಿಕ್ಕಿತು. ಲೋಕೇಶ್ ಅಗಿಯುವುದನ್ನು ನಿಲ್ಲಿಸಿ, ಬೆರಳಲ್ಲಿ ಅದನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದ. ಗಿಡ್ಡ. ಕಂದು. ತುದಿ ಕೊಂಚ ಬೆಳ್ಳಗೆ.

"ಭಾನು."

ಹೆಂಡತಿ ಭಾನುಪ್ರಿಯ ಅಡುಗೆಮನೆಯಿಂದ ಬಂದು ನೋಡಿದಳು. ಕೂದಲನ್ನಲ್ಲ, ಅವನನ್ನು.

"ನಂದಿರ್ಬೇಕು," ಅಂದಳು.

"ನಿನ್ನ ಕೂದಲು ಇಷ್ಟು ಗಿಡ್ಡ ಇಲ್ಲ."

"ಹಂಗಾದ್ರೆ ನಿಮ್ದು."

"ನಂದು ಕಪ್ಪು."

"ಈಗೆಲ್ಲಿ ಕಪ್ಪು," ಅಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೇರೆ ಹಾಕಿಕೊಡಲಾ ಎಂದು ಕೇಳಲಿಲ್ಲ. ಕೇಳಿದ್ದರೂ ಅವನು ತಿನ್ನುತ್ತಿರಲಿಲ್ಲ; ಅದು ಇಬ್ಬರಿಗೂ ಗೊತ್ತಿತ್ತು.

ಅವನು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದ. ಸಾಲದೆನಿಸಿ ಮತ್ತೆ ಮುಕ್ಕಳಿಸಿದ. ಗೋಪಿ ಈ ಮನೆಯಿಂದ ಹೋಗಿ ಮೂರು ತಿಂಗಳಾಗಿತ್ತು. ಅಂದಿನಿಂದ ಮನೆಗೆ ಎಷ್ಟು ಫಿನಾಯಿಲ್ ಸುರಿದಿದ್ದನೋ. ಸೋಫಾದ ಕವರುಗಳನ್ನು ಹಿತ್ತಲಲ್ಲಿ ಸುಟ್ಟಿದ್ದ. ಹಾಸಿಗೆ ಹೊಸದು, ಕಾಲೊರಸು ಹೊಸದು. ಆದರೂ ಕೂದಲು ಬರುತ್ತಲೇ ಇತ್ತು. ದಿಂಬಿನ ಮೇಲೆ. ಕನ್ನಡಕದ ಸಂದಿಯಲ್ಲಿ. ಒಂದು ಸಲ, ತಿದ್ದಲು ತಂದಿದ್ದ ಹುಡುಗರ ಪ್ರಾಕ್ಟಿಕಲ್ ರೆಕಾರ್ಡಿನ ಹಾಳೆಗಳ ನಡುವೆ. ನಾಯಿ ಹೋದ ಮೇಲೆ ಮನೆಯೇ ಕೂದಲು ಉದುರಿಸಲು ಕಲಿತಿದೆಯೇನೋ ಎಂದು ಅವನಿಗೆ ಅನ್ನಿಸತೊಡಗಿತ್ತು. ಇದನ್ನು ಯಾರ ಮುಂದೆ ಹೇಳುವುದು?

ಅವನು ಬಚ್ಚಲಿಂದ ಬರುವ ಹೊತ್ತಿಗೆ ಭಾನುಪ್ರಿಯ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕನ ಮನೆಗೆ ಹೋಗಿ ಬರ್ತೀನಿ."

"ಮಾಗಡಿಗೆ? ಹೋದ ಭಾನುವಾರವೂ ಹೋಗಿದ್ದೆ."

"ಅಕ್ಕ ಕರೀತಾಳೆ."

"ಬಸ್ಸಿನ ಕಂಬಿ ಹಿಡ್ಕೊಂಡ ಮೇಲೆ..."

"ಗೊತ್ತು. ಮೊಣಕೈವರೆಗೂ ತೊಳೀತೀನಿ."

ಹೋದಳು. ಗೇಟಿನ ಅಗುಳಿಯ ಸದ್ದಾದ ಮೇಲೆ ಅವನು ಹೋಗಿ ಆ ಅಗುಳಿಯನ್ನು ಒರೆಸಿ ಬಂದ.

ಲೋಕೇಶ್ ರಾಮನಗರದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರದ ಉಪನ್ಯಾಸಕ. ಪ್ರತಿ ವರ್ಷ ಲಾಡಿಹುಳುವಿನ ಪಾಠ ಬಂದಾಗ ಹಲಗೆಯ ಮೇಲೆ ಒಂದು ವೃತ್ತ ಬರೆಯುತ್ತಿದ್ದ. ನಾಯಿಯ ಹೊಟ್ಟೆಯಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಪಿತ್ತಜನಕಾಂಗಕ್ಕೆ, ಅಲ್ಲಿಂದ ಮತ್ತೆ ನಾಯಿಗೆ. ಮನುಷ್ಯನನ್ನು ವೃತ್ತದ ಹೊರಗೆ ಬರೆದು ಒಂದು ಬಾಣ ಎಳೆಯುತ್ತಿದ್ದ. "ಇವನು ದಾರಿ ತಪ್ಪಿ ಸಿಕ್ಕವನು. ನಾಯಿಯ ಮೈ ಸವರಿದ ಕೈಯನ್ನು ಬಾಯಿಗಿಟ್ಟವನು. ಇವನೊಳಗೆ ಸೇರಿದ ಹುಳು ಮುಂದೆ ಎಲ್ಲಿಗೂ ಹೋಗುವುದಿಲ್ಲ. ಇಲ್ಲಿಗೆ ಮುಗಿಯಿತು." ಹುಡುಗರು ಬರೆದುಕೊಳ್ಳುತ್ತಿದ್ದರು. ಅದು ಪರೀಕ್ಷೆಗೆ ಬರುವ ಪ್ರಶ್ನೆ.

ಗೋಪಿಯನ್ನು ತಂದದ್ದು ಭಾನುಪ್ರಿಯ. ಮಳೆ ನೀರಿನ ಚರಂಡಿಯಲ್ಲಿ ಕುಂಯ್ಗುಡುತ್ತಿದ್ದ ಮರಿ. ಮಕ್ಕಳಿಲ್ಲದ ಮನೆಗೆ ಏನೋ ಒಂದು ಇರಲಿ ಎಂದು ನೆರೆಯವರು ಅಂದರು, ಅವಳು ಅನ್ನಲಿಲ್ಲ. ಲೋಕೇಶ್ ಬೇಡವೆನ್ನಲಿಲ್ಲ, ನಿಯಮಗಳನ್ನು ಹೇಳಿದ. ಹೊರಗಿಂದ ಬಂದಾಗ ನಾಲ್ಕು ಪಾದಗಳನ್ನೂ ಡೆಟಾಲ್ ನೀರಲ್ಲಿ ಅದ್ದಬೇಕು. ಅಡುಗೆಮನೆಗೆ ಬಿಡಬಾರದು. ಮುಖ ನೆಕ್ಕಿಸಿಕೊಳ್ಳಬಾರದು. ನಾಯಿಯನ್ನು ಮುಟ್ಟಿದ ಮೇಲೆ ಕೈಯನ್ನು ಮೊಣಕೈವರೆಗೆ ತೊಳೆದು ಅವನಿಗೆ ತೋರಿಸಬೇಕು. ಅವಳು ಅಂಗೈ, ಹಿಂಗೈ ತಿರುಗಿಸಿ ತೋರಿಸುತ್ತಿದ್ದಳು. ಅವನು ನೋಡುತ್ತಿದ್ದ, ಮುಟ್ಟುತ್ತಿರಲಿಲ್ಲ. ಯಾವಾಗಲೋ ಒಂದು ದಿನ ಅವನು ತನ್ನ ದಿಂಬು ತೆಗೆದುಕೊಂಡು ಚಿಕ್ಕ ಕೋಣೆಗೆ ಹೋಗಿ ಮಲಗಿದ. ನಾಯಿ ಹೋದ ಮೇಲೆ ವಾಪಸು ಬನ್ನಿ ಎಂದು ಅವಳು ಕರೆಯಲಿಲ್ಲ. ಬರಲಾ ಎಂದು ಅವನೂ ಕೇಳಲಿಲ್ಲ.

ಗೋಪಿ ಹೋದದ್ದು ಒಂದು ನೆಕ್ಕಿಗೆ. ದೀಪಾವಳಿ ರಜೆಯಲ್ಲಿ, ಒಂದು ಮಧ್ಯಾಹ್ನ, ಲೋಕೇಶ್ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದ. ಜೋತುಬಿದ್ದ ಅಂಗೈಗೆ ಬಿಸಿಯಾದ, ಒದ್ದೆಯಾದ ಏನೋ ತಾಗಿತು. ನಿದ್ದೆಯಲ್ಲಿ ಅದು ಹಿತವಾಗಿತ್ತು. ಅದೇ ಅವನನ್ನು ಆಮೇಲೆ ಕಾಡಿದ್ದು. ಎಚ್ಚರವಾದವನು ಚರ್ಮ ಕಿತ್ತು ರಕ್ತ ಜಿನುಗುವ ತನಕ ಕೈ ಉಜ್ಜಿದ. ಆಮೇಲೆ ಹೇಳಿದ: "ಈ ಮನೇಲಿ ಅದಿರ್ಬೇಕು, ಇಲ್ಲ ನಾನಿರ್ಬೇಕು."

ಭಾನುಪ್ರಿಯ ಯೋಚಿಸಿದಳು. ಅವನು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತ ಕಾದ. ಅವಳು ಇನ್ನೂ ಯೋಚಿಸುತ್ತಿದ್ದಳು. ಕೊನೆಗೆ ಫೋನು ಎತ್ತಿಕೊಂಡು ಅವನ ಕಾಲೇಜಿನ ಅಟೆಂಡರ್ ಬೈರೇಶನಿಗೆ ಮಾಡಿದಳು. ಬೈರೇಶನ ಅಪ್ಪ ಅವ್ವ ಮಾಗಡಿಯ ಹತ್ತಿರ ಕೆಂಪಾಪುರದಲ್ಲಿ ಕುರಿ ಸಾಕಿಕೊಂಡಿದ್ದರು. ಅವನು ಬಂದು ಗೋಪಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ. ಕುರಿಯ ಮನೆಗೆ ನಾಯಿ. ಹಲಗೆಯ ಮೇಲಿನ ವೃತ್ತ ಲೋಕೇಶನಿಗೆ ನೆನಪಾಗದೆ ಇರಲಿಲ್ಲ. ಬಾಯಿ ಬಿಡಲಿಲ್ಲ.

ಈಗ, ಭಾನುವಾರದ ಖಾಲಿ ಮನೆಯಲ್ಲಿ, ಅವನು ಬಕೆಟ್ಟಿಗೆ ಫಿನಾಯಿಲ್ ಹಾಕಿ ನೆಲ ಒರೆಸತೊಡಗಿದ. ನಡುಮನೆ ಮುಗಿಸಿ ಚಿಕ್ಕ ಕೋಣೆಯಲ್ಲಿ ಬಗ್ಗಿದಾಗ ಬೆನ್ನ ಹಿಂದೆ ಟೈಲ್ಸಿನ ಮೇಲೆ ಉಗುರುಗಳ ಸದ್ದಾಯಿತು. ಟಕ ಟಕ ಟಕ. ಹೊಸ್ತಿಲ ಹತ್ತಿರ ಬಂದು ನಿಂತಿತು. ಅಲ್ಲಿ ನಿಲ್ಲುವುದನ್ನು ಅದಕ್ಕೆ ಕಲಿಸಿದವನು ಅವನೇ. ಅವನು ತಿರುಗಲಿಲ್ಲ. ಒರೆಸುವ ಬಟ್ಟೆಯನ್ನು ಹಿಂಡುತ್ತ, ಅದು ವಾಪಸು ಹೋಗುವ ಸದ್ದಿಗೆ ಕಾದ. ಹೋಗಲಿಲ್ಲ. ತಿರುಗಿ ನೋಡಿದರೆ ಒದ್ದೆ ನೆಲ, ಅದರಲ್ಲಿ ಟ್ಯೂಬ್‌ಲೈಟಿನ ಬಿಂಬ.

ಫೋನು ಬಂತು. ಮಾಗಡಿಯಿಂದ, ಭಾನುಪ್ರಿಯಳ ಅಕ್ಕ ರಾಧಾಮಣಿ.

"ಲೋಕೇಶಪ್ಪ, ಭಾನು ಕೈಗೆ ಒಸಿ ಫೋನ್ ಕೊಡಪ್ಪ. ಅವಳ್ದು ಸ್ವಿಚಾಫ್ ಬತ್ತಾ ಐತೆ."

"ಸ್ನಾನಕ್ಕೆ ಹೋಗಿದ್ದಾಳೆ ಅಕ್ಕ."

"ಬಂದ್ಮೇಲೆ ಮಾಡಕ್ಕೇಳು. ಗೌರಿ ಹಬ್ಬಕ್ಕೆ ಬಂದೋಳು ಇತ್ತಾಗ್ ತಲೆನೇ ಹಾಕಿಲ್ಲ. ನನ್ ಮ್ಯಾಲೆ ಏನಾರ ಕ್ವಾಪನಾ ಅಂತ."

"ಕೋಪ ಏನಿಲ್ಲ. ಹೇಳ್ತೀನಿ."

ಫೋನನ್ನು ಒರೆಸಿ ಮೇಜಿನ ಮೇಲಿಟ್ಟ. ಎಲ್ಲ ಗಂಡಂದಿರಿಗೂ ಬರುವ ಯೋಚನೆ ಅವನಿಗೂ ಬಂತು. ಒಬ್ಬ ಗಂಡಸನ್ನು ಕಲ್ಪಿಸಿಕೊಳ್ಳಲು ನೋಡಿದ. ಮುಖ ಮೂಡಲಿಲ್ಲ, ಆ ಮನುಷ್ಯ ಕೈ ತೊಳೆದುಕೊಂಡಿರುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಮಾತ್ರ ಎದ್ದಿತು. ನಗು ಬರಬೇಕಿತ್ತು. ಬರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ, ಬೆಳಿಗ್ಗೆ ಕಾಗದದಲ್ಲಿ ಮಡಿಸಿಟ್ಟಿದ್ದ ಕೂದಲು ಕಾಣಿಸಿತು. ಆಗ ಹೊಳೆಯಿತು. ಇಷ್ಟು ಒರೆಸಿದ ಮನೆಯಲ್ಲಿ ಮೂರು ತಿಂಗಳ ಹಳೆಯ ಕೂದಲು ಉಳಿಯುವುದಿಲ್ಲ. ವಾರವಾರವೂ ಯಾರೋ ಅದನ್ನು ಮನೆಯೊಳಗೆ ತರುತ್ತಿದ್ದಾರೆ.

ದೆವ್ವವಲ್ಲವೆಂದು ತಿಳಿದಾಗ ಆಗಬೇಕಾದ ಸಮಾಧಾನ ಅವನಿಗೆ ಆಗಲಿಲ್ಲ. ಉಗುರಿನ ಸದ್ದಂತೂ ಈ ಲೆಕ್ಕಕ್ಕೆ ಸಿಗಲೇ ಇಲ್ಲ.

ಮಾಗಡಿಯ ಬಸ್ಸಿನಲ್ಲಿ ಅವನು ಕಂಬಿ ಹಿಡಿಯದೆ, ಕಾಲು ಅಗಲಿಸಿ ನಿಂತ. ತಿರುವು ಬಂದಾಗಲೆಲ್ಲ ಯಾರದೋ ಮೈಗೆ ತಾಗುತ್ತಿದ್ದ; ತಾಗಿದಾಗಲೆಲ್ಲ ಜೇಬಿನಿಂದ ಸ್ಯಾನಿಟೈಸರ್ ತೆಗೆದು ಕೈಗೆ ಹಾಕಿಕೊಳ್ಳುತ್ತಿದ್ದ. ಹೊರಗೆ ಬಂಡೆಗಳು, ಮಾವಿನ ತೋಟಗಳು. ಹೋಗಿ ಏನು ಕೇಳಬೇಕೆಂದು ಗೊತ್ತಿರಲಿಲ್ಲ. ಅದು ಅಥವಾ ನಾನು ಎಂದಾಗ ನೀನು ಅಷ್ಟು ಹೊತ್ತು ಯೋಚಿಸಿದ್ದು ಏನನ್ನು? ಕೇಳುವುದಾದರೆ ಇಷ್ಟೇ.

ಮಾಗಡಿಯಲ್ಲಿಳಿದು ಆಟೋ ಹತ್ತಿದ. ಡ್ರೈವರ್ ಇದ್ರೀಸ್ ಎಂಬವನು.

"ಕೆಂಪಾಪುರಕ್ಕಾ ಸಾರ್? ನಾಡಪ್ರಭುಗಳ ಸಮಾಧಿ ನೋಡಾಕಾ?"

"ಹೂಂ."

"ಭಾನುವಾರ ಒಬ್ಬ ಅಕ್ಕ ಬತ್ತಾರೆ ಸಾರ್, ಬಿಸ್ಕತ್ ಪ್ಯಾಕೆಟ್ ಹಿಡ್ಕಂಡು. ಇವತ್ತೂ ನಾನೇ ಬುಟ್ಟು ಬಂದೆ. ಕುರಿ ಚಿಕ್ಕಬೀರಯ್ಯನ ಮನೆತಾವ ಒಂದು ನಾಯಿ ಐತೆ. ಅದ್ನ ನೋಡಾಕ್ ಬರಾದು."

ಲೋಕೇಶ್ ಹೊರಗೆ ನೋಡುತ್ತ ಕೇಳಿದ: "ಯಾರವರು?"

"ಕೇಳಿಲ್ಲ ಸಾರ್. ಮನೇಲಿ ಯಾರೂ ಇಲ್ವೇನೋ, ಪಾಪ."

ಊರಿನ ಹೊರಗೇ ಇಳಿದುಕೊಂಡ. ಬೈರೇಶನ ಅಪ್ಪ ಚಿಕ್ಕಬೀರಯ್ಯನ ಮನೆ ಹುಡುಕಬೇಕಾಗಲಿಲ್ಲ. ಕುರಿಗಳ ವಾಸನೆ ದಾರಿ ತೋರಿಸಿತು. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ನಡೆದ. ಮನೆಯ ಪಡುವಲಿಗೆ ಹೊಲ. ಹೊಲಕ್ಕೂ ಅಂಗಳಕ್ಕೂ ನಡುವೆ, ಆಳೆತ್ತರದ ಕಲ್ಲುಕಂಬಗಳನ್ನು ಸಾಲಾಗಿ ನೆಟ್ಟ ಹಳೆಯ ಬೇಲಿ. ತಂತಿ ಎಂದೋ ಹೋಗಿತ್ತು. ಎರಡು ಕಂಬಗಳ ನಡುವೆ ಅವನು ನಿಂತುಕೊಂಡ.

ಮೊದಲು ಒಂದು ಸದ್ದು ಕೇಳಿಸಿತು. ಯಾವುದರ ಸದ್ದೆಂದು ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಭಾನುಪ್ರಿಯ ನಗುತ್ತಿದ್ದಳು.

ಸಗಣಿ ಸಾರಿಸಿದ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದಳು. ಎದುರಿಗೆ ಬೈರೇಶನ ಅವ್ವ ಪುಟ್ಟಗೌರಮ್ಮ. ಇಬ್ಬರ ನಡುವೆ ಅವರೆಕಾಯಿಯ ರಾಶಿ. ಗೋಪಿ ಅವಳ ತೊಡೆಯ ಮೇಲೆ ಮೋರೆ ಇಟ್ಟುಕೊಂಡು ಮಲಗಿತ್ತು. ದಪ್ಪಗಾಗಿತ್ತು, ಮೈಯೆಲ್ಲ ಮಣ್ಣು. ಅವಳು ಬಿಸ್ಕತ್ತನ್ನು ಹಲ್ಲಿನಲ್ಲಿ ಕಡಿದು ಅರ್ಧ ತಾನು ತಿಂದು ಅರ್ಧ ಅದರ ಬಾಯಿಗಿಟ್ಟಳು. ನಾಲಗೆ ಅವಳ ಬೆರಳುಗಳನ್ನು ಪೂರ್ತಿ ಸುತ್ತಿ ಬಂತು. ಅದೇ ಬೆರಳಲ್ಲಿ ಮುಂದಿನ ಅವರೆಕಾಯಿ ಸುಲಿದಳು. ನಾಯಿ ಎದ್ದು ಅವಳ ಕೆನ್ನೆ ನೆಕ್ಕಿತು. ಅವಳು ಕಣ್ಣು ಮುಚ್ಚಿಕೊಂಡಳು, ಅಷ್ಟೆ. ಮುಖ ತಿರುಗಿಸಲಿಲ್ಲ.

"ಯಜಮಾನ್ರು ಒಂದಿನಾನೂ ಬರ್ನಿಲ್ವಲ್ಲವ್ವ," ಅಂದಳು ಪುಟ್ಟಗೌರಮ್ಮ.

"ಅವ್ರಿಗೆ ಕೆಲ್ಸ."

"ಭಾನುವಾರಾನೂವಾ? ಏನ್ ಮಾಡ್ತರೆ?"

"ಕೈ ತೊಳೀತಾರೆ."

ಮುದುಕಿ ನಗಲಿಲ್ಲ. ಒಂದು ಕಾಯಿ ಸುಲಿದು, ಕಾಳನ್ನು ಮೊರಕ್ಕೆ ಹಾಕಿ ಕೇಳಿದಳು: "ಅಂತಾದ್ದು ಏನ ಮುಟ್ಟಿದ್ರವ್ವ?"

ಭಾನುಪ್ರಿಯ ಗೋಪಿಯ ಕಿವಿಯ ಹಿಂದೆ ತುರಿಸುತ್ತಿದ್ದಳು. "ಏನೂ ಮುಟ್ಟಿಲ್ಲ," ಅಂದಳು.

ಆಮೇಲೆ ಎದ್ದು, ಬ್ಯಾಗಿನಿಂದ ಸೋಪು ತೆಗೆದು, ತೊಟ್ಟಿಯ ಬಳಿ ಹೋದಳು. ಬೆರಳ ಸಂದಿ, ಉಗುರಿನಡಿ, ಮಣಿಕಟ್ಟು, ಮೊಣಕೈ. ಅವನು ಹೇಳಿಕೊಟ್ಟ ಕ್ರಮದಲ್ಲಿ ಒಂದನ್ನೂ ಬಿಡಲಿಲ್ಲ. ಮುಖ ತೊಳೆದಳು. ಸೆರಗು ಕೊಡವಿದಳು. ಅವಳ ಮುಖದಲ್ಲಿ ಈಗ ಏನೂ ಇರಲಿಲ್ಲ. ಮನೆಗೆ ಬರುವ ಮುಖ ಅದು. ಅಷ್ಟರಲ್ಲಿ ಗೋಪಿ ಓಡಿ ಬಂದು ಎರಡು ಮುಂಗಾಲನ್ನೂ ಅವಳ ಎದೆಯ ಮೇಲಿಟ್ಟಿತು. ಅವಳು ಕೆಸರಾದ ಸೀರೆಯನ್ನು ನೋಡಿಕೊಂಡಳು, ಸೋಪನ್ನು ನೋಡಿದಳು, ಸೋಪನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಮತ್ತೆ ತೊಳೆಯಲಿಲ್ಲ.

ಲೋಕೇಶ್ ಕರೆಯಬೇಕೆಂದುಕೊಂಡ. ಹೆಸರು ಬಾಯಿಗೆ ಬಂದದ್ದು ಅವಳದೋ ನಾಯಿಯದೋ, ಅವನಿಗೇ ಸ್ಪಷ್ಟವಿರಲಿಲ್ಲ.

ಗೋಪಿ ಮೂಗೆತ್ತಿ ಗಾಳಿ ಹಿಡಿದು ಬೇಲಿಯ ಕಡೆ ಬರತೊಡಗಿತು. ಓಡಲಿಲ್ಲ, ಬಾಲ ಆಡಿಸಲಿಲ್ಲ. ಹಿಂದೆ, ಅವನು ಕಾಲೇಜಿನಿಂದ ಬರುವ ಹೊತ್ತಿಗೆ, ಬೀದಿಯ ತುದಿಯಲ್ಲೇ ಅವನ ಸುಳಿವು ಹಿಡಿದು ಗೇಟು ಪರಚುತ್ತಿದ್ದ ನಾಯಿ. ಅವನು ಹಿಂದಕ್ಕೆ ಸರಿಯಲಿಲ್ಲ. ತನಗೇ ತಿಳಿಯದಂತೆ ಕರವಸ್ತ್ರ ಇಳಿಸಿದ್ದ; ಬಲಗೈ ಕೆಳಗೆ ಚಾಚಿಕೊಂಡಿತ್ತು, ಅಂಗೈ ಮೇಲಾಗಿ. ನೆಕ್ಕಲಿ ಎಂದು ಬೇಡಿಕೊಳ್ಳುವ ಹಾಗೆ ಇತ್ತು ಆ ಕೈ.

ಗೋಪಿ ಅಂಗೈಯನ್ನು ಮೂಸಿತು. ಸೀನಿತು. ಶೂ ಮೂಸಿತು, ಪ್ಯಾಂಟಿನ ಅಂಚು ಮೂಸಿತು. ತಲೆಯೆತ್ತಿ ಅವನ ಮುಖದ ಕಡೆ ಒಮ್ಮೆ ನೋಡಿತು. ಆ ಕಣ್ಣುಗಳಲ್ಲಿ ಗುರುತಿರಲಿಲ್ಲ; ಹೊಸಬರನ್ನು ಕಂಡು ಬೊಗಳುವಷ್ಟು ಅನುಮಾನವೂ ಇರಲಿಲ್ಲ. ಎಡಗಡೆಯ ಕಂಬವನ್ನು ಮೂಸಿ ಕಾಲೆತ್ತಿ ನಾಲ್ಕು ಹನಿ ಬಿಟ್ಟಿತು. ಮುಂದೆ ಬಂದು ಅವನ ಕಾಲ ಬಳಿ ನಿಂತು, ಹಾಗೆಯೇ ಕಾಲೆತ್ತಿತು.

"ಗೋಪಿ ಎಲ್ಲೋದ?" ಭಾನುಪ್ರಿಯಳ ದನಿ.

ಪುಟ್ಟಗೌರಮ್ಮ ಇಳಿಬಿಸಿಲಿಗೆ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಬೇಲಿಯ ಕಡೆ ನೋಡಿದಳು. "ಅಲ್ಲೇ ಅವ್ನೆ ಕಣವ್ವ. ಒಂದ್ ಕಂಬಾನೂ ಬುಡಾಕಿಲ್ಲ ಅವ್ನು."

ಬಿಸಿ ಪ್ಯಾಂಟಿನೊಳಗಿಂದ ಕಾಲುಚೀಲಕ್ಕೆ ಇಳಿಯಿತು. ಲೋಕೇಶ್ ಅಲುಗಾಡಲಿಲ್ಲ. ಉಸಿರನ್ನೂ ಹಿಡಿದುಕೊಂಡಿದ್ದ. ಬೆನ್ನ ಹಿಂದೆ ಸೂರ್ಯ ಇಳಿಯುತ್ತಿದ್ದ. ಕಂಬಗಳ ನೆರಳುಗಳು ಉದ್ದವಾಗಿ ಅಂಗಳದೊಳಕ್ಕೆ ಚಾಚಿಕೊಂಡಿದ್ದವು. ಅವುಗಳಲ್ಲಿ ಒಂದು ಭಾನುಪ್ರಿಯಳ ಪಾದದ ಹತ್ತಿರದವರೆಗೂ ಹೋಗಿತ್ತು. ಅದು ಕಲ್ಲಿನದೋ ತನ್ನದೋ ಎಂದು ತಿಳಿಯಲು ಕೈ ಒಂದಿಷ್ಟು ಎತ್ತಿದರೆ ಸಾಕಿತ್ತು.