ಮೆತ್ತಗೆ ಓಡಿಸಿದ ಕಾರು

ಸ್ಪೀಡಿನ ಮುಳ್ಳು ಮೂವತ್ತೈದು ದಾಟಿತೆಂದರೆ ಸಾಕು, ಪಂಚಾಕ್ಷರಪ್ಪನ ಕಾಲು ತಾನಾಗಿಯೇ ಆಕ್ಸಿಲರೇಟರಿನಿಂದ ಮೇಲೇಳುತ್ತಿತ್ತು. ಕೊಟ್ಟೂರಿನಿಂದ ಚಿಗಟೇರಿಗೆ ಹೋಗುವ ರಸ್ತೆಯಲ್ಲಿ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರೊಂದು ಹಾರ್ನ್ ಬಾರಿಸುತ್ತ ಅವನ ಕಾರನ್ನು ಹಿಂದೆ ಹಾಕಿತು. ಮೇಲೆ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ನಗದೆ ಏನು ಮಾಡಿಯಾರು? ಕಾರಿನ ಮೈಮೇಲೆ ಕೆಂಪು ಪಟ್ಟೆ, ಬಾಗಿಲಿಗೆ ರೇಸಿನ ನಂಬರು, ಓಟ ಮಾತ್ರ ತುಂಬಿದ ಬಸುರಿಯದು. ಪಕ್ಕದಲ್ಲಿ ಕೂತಿದ್ದ ಮಗ ಪ್ರವೀಣಕುಮಾರ್ ನಗಲಿಲ್ಲ. ಟೇಪ್ ರೆಕಾರ್ಡರ್ ಹಾಕಲೂ ಅವನಿಗೆ ಮನಸ್ಸಿರಲಿಲ್ಲ.

ಓಟ ಹೆಚ್ಚಲೆಂದು ಎರಡು ಕಾರ್ಬ್ಯುರೇಟರ್ ಕೂರಿಸಿದ್ದ ಆ ಹಳೆಯ ಫಿಯೆಟ್ ಅವನದೇ. ಹಿಂದಿನ ವರ್ಷ ದಾವಣಗೆರೆಯ ಹತ್ತಿರ ಮಣ್ಣಿನ ಹಾದಿಯ ರೇಸಿನಲ್ಲಿ ಅದು ಪಲ್ಟಿ ಹೊಡೆದು, ಅವನ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಯಾರ ಜೊತೆಗೂ ಮಾತಾಡಲಿಲ್ಲ. ಅಂಥವನು ಒಂದು ಬೆಳಿಗ್ಗೆ, "ಅಪ್ಪಾ, ಕಾರು ಎಲ್ಲೈತಿ?" ಎಂದು ಕೇಳಿದ್ದೇ ತಡ, ಗುಜರಿಗೆ ಹಾಕಬೇಕೆಂದಿದ್ದ ಕಾರನ್ನು ಪಂಚಾಕ್ಷರಪ್ಪ ಮೆಕ್ಯಾನಿಕ್ ಓಬಳೇಶನ ಗ್ಯಾರೇಜಿಗೆ ಎಳೆಸಿದ. ತನ್ನ ಸಿಮೆಂಟ್ ಅಂಗಡಿಯನ್ನೂ ಮರೆತು ಅಲ್ಲೇ ಕೂತು ಸಿಲಿಂಡರಿನ ಒಳಗೋಡೆ ಕೊರೆಸಿ ಇಂಜಿನ್ ಬೋರ್ ಮಾಡಿಸಿದ, ಪಿಸ್ಟನ್ನು ರಿಂಗು ಎಲ್ಲಾ ಹೊಸದು ಹಾಕಿಸಿದ.

"ಸಾವ್ಕಾರ್ರೇ, ಹೊಸಾ ರಿಂಗು ಹದಕ್ಕ ಬರೋ ತನಕ ಬಾಳ ಜೋರು ಬ್ಯಾಡ, ಬಾಳ ಮೆತ್ತಗೂ ಬ್ಯಾಡ," ಎಂದು ಕೀಲಿ ಕೊಡುವಾಗ ಓಬಳೇಶ ಹೇಳಿದ್ದ. "ಆಗಾಗ ಆಕ್ಸಿಲರೇಟರ್ ಒತ್ರಿ, ಬಿಡ್ರಿ. ಆವಾಗ ರಿಂಗು ಬೋರಿಗೆ ಹೊಂದ್ಕೆಂತಾವ. ಬರೇ ಮೆತ್ತಗ ಓಡಿಸಿದ್ರ ಒಳಗ ಗಾಜಿನಂಗ ನುಣುಪಾಗಿ ಇಂಜಿನ್ನು ಎಣ್ಣಿ ತಿನ್ನಾಕ ಹತ್ತತೈತಿ."

ಇಂಜಿನ್ ಹದಕ್ಕೆ ಬಂದ ಮೇಲೆ, ಆಕ್ಸಿಲರೇಟರ್, ಬ್ರೇಕು ಒತ್ತುವ ಬಲಗಾಲಿನ ಕೆಲಸವೆಲ್ಲ ಕೈಯಲ್ಲೇ ಆಗುವಂತೆ ಒಂದು ಹಿಡಿ ಕೂರಿಸಿಕೊಡುವುದೆಂದು ಮಾತಾಗಿತ್ತು. ಆಮೇಲೆ ಪ್ರವೀಣನೇ ಓಡಿಸಬಹುದು.

ಪಂಚಾಕ್ಷರಪ್ಪ ಅಂಜುತ್ತಿದ್ದುದು ಇದಕ್ಕೇ. ಮಗ ಎದ್ದು ಕೂರಬೇಕು, ಮಾತಾಡಬೇಕು, ನಗಬೇಕು. ಆದರೆ ಸ್ಟೇರಿಂಗ್ ಮಾತ್ರ ಹಿಡಿಯಬಾರದು. ಹೀಗಾಗಿ ಓಬಳೇಶ ಹೇಳಿದ್ದರಲ್ಲಿ 'ಬಾಳ ಜೋರು ಬ್ಯಾಡ' ಎಂಬುದಷ್ಟೇ ಅವನ ಕಿವಿಯಲ್ಲಿ ಉಳಿಯಿತು. ದಿನಾ ಬೆಳಿಗ್ಗೆ ಬಾನೆಟ್ಟಿಗೆ ವಿಭೂತಿ ಎಳೆದು, ಕೂಸಿನ ತೊಟ್ಟಿಲು ತೂಗುವ ಹಾಗೆ ಕಾರು ಓಡಿಸಿದ. ಏರು ಬಂದರೂ ಒತ್ತಲಿಲ್ಲ. ಹದವಾಗುವುದು ತಡವಾದಷ್ಟೂ ಒಳ್ಳೆಯದೇ ಎಂದು ಒಳಗೊಳಗೇ ಕೊಟ್ಟೂರೇಶನಿಗೆ ಕೈಮುಗಿದ.

ಅವತ್ತು ಚಿಗಟೇರಿ ಇನ್ನೂ ದೂರವಿರುವಾಗಲೇ ಕನ್ನಡಿಯಲ್ಲಿ ನೀಲಿ ಹೊಗೆ ಕಂಡಿತು. ತಿರುಗಿಸಿಕೊಂಡು ಗ್ಯಾರೇಜಿಗೆ ಬಂದರು. ಓಬಳೇಶ ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ತೆಗೆದ. ಜಿಡ್ಡು ಮೆತ್ತಿಕೊಂಡಿತ್ತು.

"ಎಣ್ಣಿ ತಿನ್ನಾಕ ಹತ್ತೈತ್ರಿ. ಒಮ್ಮೆನೂ ಒತ್ತೇ ಇಲ್ಲೇನ್ರಿ ಸಾವ್ಕಾರ್ರೇ? ಇನ್ನ ಮತ್ತ ಬಿಚ್ಚಿ, ಬೋರ್ ಉಜ್ಜಿ, ರಿಂಗ್ ಹಾಕಿ, ಎಲ್ಲಾ ಮೊದಲಿಂದ ಮಾಡಬೇಕು."

ಹಾಗಾದರೆ ಇನ್ನೂ ಬಹಳ ದಿನ ಹಿಡಿಯುತ್ತದೆ. ಆ ನೆಮ್ಮದಿ ಎದೆಗಿಳಿದ ಮರುಗಳಿಗೆಯೇ ಪಂಚಾಕ್ಷರಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮಗನ ಕಡೆ ತಿರುಗಿದ.

"ನಿನಗ ಗೊತ್ತಾಗಿರಬೇಕಲ್ಲೋ. ಯಾಕ ಹೇಳಲಿಲ್ಲ?"

"ಸುರುವಿಗೇ ಗೊತ್ತಾತು," ಎಂದ ಪ್ರವೀಣ, ಊರುಗೋಲಿಗೆ ಒರಗಿ. "ಒತ್ತು ಅಪ್ಪಾ ಅಂತ ಬಾಯಿ ತನಕ ಬರ್ತಿತ್ತು. ಮುಳ್ಳು ಏರಿದ ಕೂಡ್ಲೇ ನಿನ್ನ ಕಾಲು ತಾನಾಗೇ ಮ್ಯಾಲೇಳೋದು ನೋಡಿದ್ರ ನಿನ್ನ ಅಂಜಿಕಿ ತಿಳೀತಿತ್ತು. ಸುಮ್ನಾಗಿಬಿಟ್ಟೆ."

ಆಮೇಲೆ ಓಬಳೇಶನ ಕಡೆ ನೋಡಿ, "ಬಿಚ್ಚಬ್ಯಾಡಣ್ಣ, ಹಂಗ ಇರ್ಲಿ. ಯಾರರ ಗಿರಾಕಿ ಬಂದ್ರ ಕೊಟ್ಟುಬಿಡು," ಎಂದ.

'ಇಲ್ಲ, ಬಿಚ್ಚೋ' ಎಂದು ಪಂಚಾಕ್ಷರಪ್ಪ ಹೇಳಬೇಕಿತ್ತು. ಓಬಳೇಶ ಅವನ ಬಾಯನ್ನೇ ನೋಡುತ್ತ ನಿಂತಿದ್ದ. "ನಾಳೆ ತಂದು ಬಿಡ್ತೀನಿ," ಎಂದಷ್ಟೇ ಹೇಳಿ ಕಾರು ಹತ್ತಿದ.

ಮನೆಯ ಹಾದಿಯಲ್ಲಿ ಸಣ್ಣದೊಂದು ಏರು ಬಂತು, ಇಂಜಿನ್ ಮುಲುಗಿತು. ಪಂಚಾಕ್ಷರಪ್ಪ ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದ. ಪ್ರವೀಣ ಕಣ್ಣು ಮುಚ್ಚಿ ಕೂತಿದ್ದ. ಪ್ಯಾಂಟಿನ ತುದಿ ಮಡಚಿ ಪಿನ್ನು ಹಾಕಿದ್ದ ಅವನ ಮೋಟು ಬಲಗಾಲು, ಅಲ್ಲಿ ಆಕ್ಸಿಲರೇಟರ್ ಇದೆಯೇನೋ ಎಂಬಂತೆ, ಬರೀ ಗಾಳಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತುತ್ತಿತ್ತು.