ಅತ್ತೆ ಪೂಜೆ ಬಿಟ್ಟದ್ದು

ನಮ್ಮ ಅತ್ತೆ ಹಾಲವ್ವ ಶ್ರಾವಣದ ಒಂದು ಬುಧವಾರ ದೇವರ ಜೊತೆ ಮಾತು ಬಿಟ್ಟರು. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ಅತ್ತೆ ಮಾತು ಬಿಟ್ಟವರೇನು ಕಡಿಮೆಯಿಲ್ಲ. ಹಾಲಿನವನು, ಕೇಬಲ್‌ನವನು, ಅತ್ತ ಶಿರೋಳದಲ್ಲಿರುವ ಸ್ವಂತ ತಂಗಿ ನಾಗೂಬಾಯಿ, ಎಲ್ಲರೂ ಒಂದೊಂದು ಸಲ ಆ ಸಾಲಿನಲ್ಲಿ ನಿಂತು ಬಂದವರೇ. ಆದರೆ ದೇವರಿಗೂ ಪಾಳಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಆದದ್ದು ಇಷ್ಟು. ಬೆಳಿಗ್ಗೆ ಸ್ನಾನ ಮುಗಿಸಿ, ಪೂಜೆಗೆ ಪತ್ರಿ ಹರಿಯಲು ಹಿತ್ತಲಿನ ಬಿಲ್ವದ ಗಿಡದ ಹತ್ತಿರ ಹೋದರು. ಮಳೆಗೆ ಕಲ್ಲು ಪಾಚಿಗಟ್ಟಿತ್ತು. ಕಾಲು ಜಾರಿತು, ಎಡಗೈ ಊರಿದರು, ಮಣಿಕಟ್ಟು ಮುರಿಯಿತು. ಬಲಗೈಯಲ್ಲಿದ್ದ ಪತ್ರಿ ಮಾತ್ರ ಒಂದೂ ನೆಲಕ್ಕೆ ಬಿದ್ದಿರಲಿಲ್ಲ.

ನಮ್ಮಂಥ ಲಿಂಗವಂತರ ಮನೆಯಲ್ಲಿ ಎಡಗೈ ಅಂದರೆ ಬರೀ ಕೈಯಲ್ಲ, ಅದು ದೇವರು ಕೂಡುವ ಜಾಗ. ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ದಿನಾ ಕರಡಿಗೆಯಿಂದ ತೆಗೆದು, ಎಡ ಅಂಗೈ ಮೇಲೆ ಇಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸಬೇಕು. ಅದು ಮುಗಿಯುವವರೆಗೆ ಅತ್ತೆ ಒಂದು ಗುಟುಕು ನೀರೂ ಕುಡಿಯುವವರಲ್ಲ. ಈ ಮನೆಗೆ ಬಂದ ಮೇಲೆ ಐವತ್ತೆರಡು ವರ್ಷ ಒಂದು ದಿನವೂ ತಪ್ಪಿಲ್ಲ. ನಮ್ಮವರು ಹುಟ್ಟಿದ ದಿನ ಸಹ ಪೂಜೆ ಮುಗಿಸಿಯೇ ಹೆತ್ತರಂತೆ. ಅಲ್ಲಿಯವರೆಗೆ ಮಗ ಒಳಗೇ ಕಾಯ್ದನಂತೆ. ನಮ್ಮವರು, ಅಂದರೆ ನನ್ನ ಗಂಡ ರಾವಸಾಹೇಬರು, ಇವತ್ತಿಗೂ ತಾಯಿಯ ಮಾತಿಗೆ ಹಾಗೇ ಕಾಯುತ್ತಾರೆ.

ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿ, ಮೊಣಕೈ ಕೆಳಗಿನಿಂದ ಬೆರಳವರೆಗೆ ಪ್ಲಾಸ್ಟರ್ ಹಾಕಿದರು. ಆರು ವಾರ ನೀರು ತಾಗಬಾರದು, ಗುಳಿಗೆಯನ್ನು ಊಟವಾದ ಮೇಲೆಯೇ ತೆಗೆದುಕೊಳ್ಳಬೇಕು ಎಂದು ಡಾಕ್ಟರರು ಮರಾಠಿಯಲ್ಲಿ ಎರಡೆರಡು ಸಲ ಹೇಳಿದರು. ಅತ್ತೆ ರಿಕ್ಷಾ ಇಳಿದು, ಮನೆಯ ಹೊಸ್ತಿಲ ಮೇಲೆ ನಿಂತು ಹೇಳಿದರು.

"ಐವತ್ತೆರಡ ವರ್ಷ ಅಂವನ್ನ ಹೊತ್ತ ಕೈ ಇದು. ಅಂವಗ ಪತ್ರಿ ತರಾಕಂತನ ಹೋಗಿದ್ದೆ. ಮುರಿಯಾಕ ಅಂವಗ ಬ್ಯಾರೆ ಯಾರ ಕೈನೂ ಸಿಗಲಿಲ್ಲೇನು? ಯಾಕಂತ ಹೇಳೂತನಕ ಪೂಜಾ ಇಲ್ಲ."

ನಮ್ಮವರ ಮುಖ ಬಿಳಿಚಿಕೊಂಡಿತು. ನನಗೋ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಈ ಪ್ರಶ್ನೆ ನನ್ನದು. ನಾಲ್ಕು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ.

ನನ್ನ ತವರು ಇಚಲಕರಂಜಿ. ಅಪ್ಪನವು ನಾಲ್ಕು ಕರೆಂಟಿನ ಮಗ್ಗ. ಪ್ರತಿದಿನ ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡ ಮೇಲೆಯೇ ಮಗ್ಗದ ಗುಂಡಿ ಒತ್ತುತ್ತಿದ್ದ ಮನುಷ್ಯ. ಕೊರೋನಾದ ಎರಡನೆಯ ವರ್ಷ, ಊರಿಗೆ ಹೋಗಲಾಗದೆ ಸಿಕ್ಕಿಬಿದ್ದ ಬಿಹಾರದ ಕೆಲಸಗಾರರಿಗೆ ದಿನಾ ಖಿಚಡಿ ಮಾಡಿ ಹಂಚಿದ. ಬೇಡವೆಂದರೆ ಕೇಳಲಿಲ್ಲ. ಜಡ್ಡು ಅಲ್ಲಿಂದಲೇ ಹತ್ತಿತು, ಹನ್ನೊಂದನೆಯ ದಿನ ಹೋದ. ಬಾಗಿಲು ಹಾಕಿಕೊಂಡು ಯಾರಿಗೂ ಒಂದು ತುತ್ತು ಕೊಡದ ಎದುರುಮನೆಯವರು ಇವತ್ತಿಗೂ ಗಟ್ಟಿಯಾಗಿದ್ದಾರೆ. ಇರಲಿ, ನೂರು ವರ್ಷ ಇರಲಿ. ನಮ್ಮಲ್ಲಿ ಸತ್ತವರ ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಮಾಡುತ್ತಾರೆ. ಅಪ್ಪನನ್ನು ಆಸ್ಪತ್ರೆಯವರೇ ಒಯ್ದು ಮುಗಿಸಿದರು, ಅವನ ಕೈ ನೋಡುವುದಕ್ಕೂ ನಮಗೆ ಆಗಲಿಲ್ಲ.

ಅವತ್ತಿನಿಂದ ನನ್ನ ಲಿಂಗ ಕಪಾಟಿನಲ್ಲಿ, ಮದುವೆಯ ಸೀರೆಗಳ ಕೆಳಗೆ ಇದೆ. ಅತ್ತೆ ನೋಡಿದ್ದಾರೆ. ಎಲ್ಲದಕ್ಕೂ ಮಾತಾಡುವ ಬಾಯಿ ಅದು, ಆದರೆ ಇದೊಂದರ ಬಗ್ಗೆ ನಾಲ್ಕು ವರ್ಷ ಒಂದು ಮಾತೂ ಆಡಿಲ್ಲ. ಹಾಗಾಗಿ ಅವತ್ತು ಹೊಸ್ತಿಲಲ್ಲಿ ಅತ್ತೆ ಹಾಗೆಂದಾಗ, ಕಡೆಗೂ ಮನೆಯಲ್ಲಿ ನನ್ನ ಪಾರ್ಟಿಗೆ ಒಬ್ಬರು ಬಂದರು ಅನ್ನಿಸಿತು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಚಮಚ ಹೆಚ್ಚಿಗೆ ಬೆಣ್ಣೆ ಹಾಕಿಕೊಂಡು ತಾಟು ತಂದಿಟ್ಟೆ.

ಅತ್ತೆ ರೊಟ್ಟಿ ಮುರಿದರು, ಪಲ್ಯ ಹಚ್ಚಿದರು, ತುತ್ತು ಬಾಯಿಯ ಹತ್ತಿರ ಒಯ್ದರು. ಅಲ್ಲಿಗೆ ಕೈ ನಿಂತಿತು. ಪೂಜೆಯಿಲ್ಲದೆ ಉಣ್ಣುವ ಹಾಗಿಲ್ಲ. ಪೂಜೆ ಮಾಡುವುದಿಲ್ಲವೆಂದು ಈಗಷ್ಟೇ ಸಾರಿ ಆಗಿದೆ. ಜಗಳ ತೆಗೆಯುವ ಭರದಲ್ಲಿ ಇದೊಂದು ಅವರಿಗೆ ಹೊಳೆದಿರಲಿಲ್ಲ. ತುತ್ತನ್ನು ಮೆಲ್ಲಗೆ ತಾಟಿನಲ್ಲಿಟ್ಟು, ಹಸಿವಿಲ್ಲ ಎಂದರು. ಹೊಟ್ಟೆ ಗುರ್ರ್ ಎಂದದ್ದು ನನಗೂ ಕೇಳಿಸಿತು, ನಮ್ಮವರಿಗೂ ಕೇಳಿಸಿತು.

ಮಧ್ಯಾಹ್ನವೆಲ್ಲ ಬುದ್ಧಿ ಹೇಳುವವರ ಸಂತೆ. ನಮ್ಮವರು ಮೆಣಸಿನಕಾಯಿ ಅಂಗಡಿ ಮುಚ್ಚಿ ಬಂದು, ಸೊಂಟಕ್ಕೆ ಬರಬೇಕಾದದ್ದು ಕೈಗೆ ಬಂದು ಹೋಯಿತು, ದೇವರು ದೊಡ್ಡವನು ಎಂದರು. ಸೊಂಟಕ್ಕೆಂದು ಅದನ್ನು ಕಳಿಸಿದವನು ಯಾರು ಎಂದು ಅತ್ತೆ ಕೇಳಿದರು. ಪಕ್ಕದ ಮನೆಯ ಜೈನರ ಹೀರಾಬಾಯಿ ಬಂದು, ಇದು ಹಿಂದಿನ ಜನ್ಮದ ಕರ್ಮ ಎಂದರು. ನೆನಪೇ ಇಲ್ಲದ ತಪ್ಪಿಗೆ ಹೊಡೆಯುವ ಮಾಸ್ತರನನ್ನು ಯಾವ ಶಾಲೆಯಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಅತ್ತೆ ಅವರ ಬಾಯನ್ನೂ ಮುಚ್ಚಿಸಿಬಿಟ್ಟರು. ಹೀರಾಬಾಯಿ ಚಹಾ ಕುಡಿದು, ಅದೂ ಖರೇ ಎಂದು ತಲೆಯಾಡಿಸಿ ಹೋದರು.

ಸಂಜೆಗೆ ನಮ್ಮವರು ಮಠದಿಂದ ಸಿದ್ದಾರೂಢ ಅಯ್ಯನವರನ್ನೇ ಸ್ಕೂಟರ್ ಮೇಲೆ ಕರೆತಂದರು. ಅಯ್ಯನವರು ಒಳ್ಳೆಯವರು, ಸ್ವಲ್ಪ ದಪ್ಪ, ಮಾತು ಮೆತ್ತಗೆ. ಶಿವನು ತನ್ನ ಭಕ್ತರನ್ನೇ ಪರೀಕ್ಷೆ ಮಾಡುತ್ತಾನೆ ಎಂದು ಶುರು ಮಾಡಿದರು.

"ಐವತ್ತೆರಡ ವರ್ಷ ಆತ್ರಿ ಅಯ್ಯಾರ, ಇನ್ನೂ ಪರೀಕ್ಷಾನ?" ಎಂದರು ಅತ್ತೆ. "ನಮ್ಮ ಪ್ರೇರಣಾ ಹತ್ತ ವರ್ಷದಾಗ ಹತ್ತನೇತ್ತೆ ಮುಗಿಸ್ಯಾಳ. ನನಗ ರಿಝಲ್ಟ್ ಯಾವಾಗ ಕೊಡ್ತಾನಂತ?"

ಪ್ರೇರಣಾ ನನ್ನ ಮಗಳು. ಅವಳು ನಗು ತಡೆಯಲಾಗದೆ ಒಳಗೆ ಓಡಿದಳು. ಅಯ್ಯನವರೂ ನಕ್ಕುಬಿಟ್ಟರು. ಆಮೇಲೆ, ಜಡ್ಡಿನಲ್ಲಿ ನೇಮಕ್ಕೆ ರಿಯಾಯಿತಿ ಇದೆ, ವಿಭೂತಿ ಹಚ್ಚಿಕೊಂಡು ಮನಸ್ಸಿನಲ್ಲೇ ನೆನೆದು ಊಟ ಮಾಡಿರಿ ಎಂದರು. ರಿಯಾಯಿತಿ ತೆಗೆದುಕೊಂಡರೆ ತಾನು ಸೋತಂತೆ ಎಂದು ಅತ್ತೆ ಒಪ್ಪಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮಜಾ ನೋಡುತ್ತಿದ್ದೆ. ಒಂದೊಂದು ಉತ್ತರ ಬಿದ್ದಾಗಲೂ ನನಗೆ ಚಪ್ಪಾಳೆ ತಟ್ಟಬೇಕೆನ್ನಿಸುತ್ತಿತ್ತು. ಅಯ್ಯನವರು ಹೋಗುವಾಗ, ಉತ್ತರ ಸಿಕ್ಕರೆ ನನಗೂ ತಿಳಿಸಿರಿ ಎಂದು ಹೇಳಿ ಹೋದರು. ಅವರ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಅಲ್ಲಿ.

ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ಸಂಜೆ ಇನ್ಸುಲಿನ್ ಚುಚ್ಚುವುದು ನನ್ನ ಕೆಲಸ. ಅದು ಬಾಯಿಂದ ಹೋಗುವುದಲ್ಲವಲ್ಲ, ಅದಕ್ಕೆ ಅಡ್ಡಿಯಿಲ್ಲ ಎಂದು ಅವರೇ ತೋಳು ಚಾಚಿದರು. ನಾನೂ ಚುಚ್ಚಿದೆ. ಉಣ್ಣದವರಿಗೆ ಅದನ್ನು ಹಾಗೆಯೇ ಕೊಡಬಾರದೆಂದು ನನಗೆ ಹೊಳೆಯಲಿಲ್ಲ. ಮಜಾ ನೋಡುವುದರಲ್ಲಿ ಬುದ್ಧಿ ಎಲ್ಲಿಗೋ ಹೋಗಿತ್ತು.

ಬೆಳಿಗ್ಗೆ ನೋಡಿದರೆ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಹಣೆ ತುಂಬ ತಣ್ಣನೆಯ ಬೆವರು, ಬಲಗೈ ಗಡಗಡ ನಡುಗುತ್ತಿತ್ತು. ಬೆರಳು ಚುಚ್ಚಿ ಮಷಿನ್‌ನಲ್ಲಿ ನೋಡಿದೆ, ಅರವತ್ತೆಂಟು. ಸಕ್ಕರೆ ತೀರಾ ಇಳಿದಿತ್ತು. ನಮ್ಮವರನ್ನು ಡಾಕ್ಟರರ ಮನೆಗೆ ಓಡಿಸಿ, ಬೆಲ್ಲದ ತುಂಡು ಅತ್ತೆಯ ಬಾಯಿಗೆ ಹಿಡಿದೆ. ಅವರು ಹಲ್ಲು ಕಚ್ಚಿ ಮುಖ ತಿರುಗಿಸಿದರು.

ನನಗೆ ಸಿಟ್ಟು ಬಂತು. ಅತ್ತೆಯ ಮೇಲೆ, ನನ್ನ ಮೇಲೆ, ಅವರ ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಬೆಚ್ಚಗೆ ಕೂತವನ ಮೇಲೆ.

"ಜಗಳಾಡೂದಿದ್ರ ಅಂವನ್ನ ಎದುರಿಗೆ ಕುಂಡ್ರಿಸ್ಕೊಂಡು ಆಡ್ರಿ" ಎಂದೆ. "ಕರಡಿಗ್ಯಾಗ ಮುಚ್ಚಿಟ್ಟು ಆಡಿದ್ರ ಅಂವಗ ಏನ್ ಕೇಳಿಸ್ತೈತಿ? ಪೂಜಾ ಮಾಡ್ಕೋತ ಬೈರಿ."

ಅತ್ತೆ ಕಣ್ಣು ತೆರೆದರು. ಈ ಮಾತು ಅವರಿಗೆ ನಾಟಿತು. ಜಗಳದ ವಿಷಯದಲ್ಲಿ ಅವರು ಯಾರ ಸಲಹೆಯನ್ನೂ ತಳ್ಳಿಹಾಕುವವರಲ್ಲ. ಆದರೆ ಪ್ಲಾಸ್ಟರಿನ ಕೈ ನೋಡಿಕೊಂಡು, ಎಲ್ಲಿ ಕೂಡಿಸಲಿ ಎಂದರು. ಇಷ್ಟಲಿಂಗ ಅಂಗೈಯಲ್ಲಿ ಕೂಡುವ ದೇವರು, ಮಣೆಯ ಮೇಲೆ ಇಡುವಂಥದ್ದಲ್ಲ. ಬಲ ಅಂಗೈಯಲ್ಲಿ ಇಟ್ಟರೆ ನೀರು ಹಾಕುವ ಕೈ ಯಾವುದು?

ನಾನು ಅವರೆದುರು ಚಕ್ಕಳಮಕ್ಕಳ ಹಾಕಿ ಕೂತು ನನ್ನ ಎಡಗೈ ಚಾಚಿದೆ.

ಅತ್ತೆ ತಲೆಯಾಡಿಸಿದರು. ಕೊರಳ ಲಿಂಗವನ್ನು ಮಂದಿ ಕೈಯಲ್ಲಿ, ಅಂದರೆ ಹೊರಗಿನವರ ಕೈಯಲ್ಲಿ ಕೊಡಬಾರದು. ಅದು ನನಗೂ ಗೊತ್ತು, ನಾನು ಸಣ್ಣವಳಿದ್ದಾಗಲೇ ಅಪ್ಪ ಹೇಳಿಕೊಟ್ಟದ್ದು.

"ಹದಿನೆಂಟ ವರ್ಷ ಆತ್ರಿ ಅತ್ತ್ಯಾರ ಈ ಮನಿಗೆ ಬಂದು" ಎಂದೆ. "ನಾ ಇನ್ನೂ ಮಂದೀನ ಏನ್ರಿ?"

ಅತ್ತೆ ನನ್ನ ಮುಖ ನೋಡಿದರು, ಕೈ ನೋಡಿದರು. ಬಲಗೈಯಿಂದ ಕರಡಿಗೆ ಬಿಚ್ಚಿ, ಲಿಂಗವನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಅವರ ಎದೆಯ ಬಿಸಿ ಅದರಲ್ಲಿ ಇನ್ನೂ ಇತ್ತು.

ಬೆಲ್ಲ ತರಲು ಹೋದಾಗಲೇ ನಾನು ಪೂಜೆಯ ತಂಬಿಗೆಯಲ್ಲಿ ನಾಲ್ಕು ಚಮಚ ಸಕ್ಕರೆ ಕದಡಿಟ್ಟಿದ್ದೆ. ಪಂಚಾಮೃತದಲ್ಲಿ ಸಕ್ಕರೆ ಇರುತ್ತದಲ್ಲ, ನಾಲ್ಕು ಅಮೃತ ಕಡಿಮೆಯಾದರೆ ಏನಾಯಿತು. ಅತ್ತೆ ನೀರು ಹಾಕಿದರು. ಅದು ಲಿಂಗದ ಮೇಲಿಂದ ನನ್ನ ಬೆರಳ ಸಂದಿಯಲ್ಲಿ ಇಳಿದು ಕೆಳಗಿನ ಬಟ್ಟಲಿಗೆ ಬಿತ್ತು. ವಿಭೂತಿ ಹಚ್ಚಿದರು, ನಿನ್ನೆ ಬೀಳಗೊಡದ ಅದೇ ಪತ್ರಿ ಏರಿಸಿದರು. ಜೊತೆಗೆ ಬೈಗುಳ ನಡೆದೇ ಇತ್ತು. ಕಣ್ಣಿಲ್ಲವೇ ನಿನಗೆ, ಕಲ್ಲಿನ ಮೇಲೆ ಪಾಚಿ ಬೆಳೆಸಲು ಬೇರೆ ಹಿತ್ತಲು ಇರಲಿಲ್ಲವೇ, ಇಷ್ಟು ವರ್ಷ ನನ್ನ ಕೈಯಲ್ಲಿ ತಣ್ಣಗೆ ಸ್ನಾನ ಮಾಡಿಸಿಕೊಂಡು ಈಗ ಆ ಕೈಯನ್ನೇ ತಿಂದೆಯಲ್ಲ. ನನಗೆ ನಗು ಬರುತ್ತಿತ್ತು, ಕೈ ಅಲುಗಬಾರದೆಂದು ತುಟಿ ಕಚ್ಚಿಕೊಂಡಿದ್ದೆ.

ಆಮೇಲೆ ಅತ್ತೆ ದನಿ ತಗ್ಗಿಸಿ ಲಿಂಗಕ್ಕೇ ಹೇಳಿದರು.

"ನನ್ನ ಕೈದು ಹ್ವಾದ್ರ ಹೋಗ್ಲಿ, ಕೂಡ್ತೈತಿ. ಈಕಿ ಅಪ್ಪಂದ ಹೇಳು. ಹಸದವರಿಗೆ ಉಣಸಾಕ ಹೋಗಿದ್ದ ಅಂವ. ಅಂಥಾವನ್ನ ಯಾಕ ಒಯ್ದಿ? ಈಕಿ ಕೈಯಾಗ ಕುಂತೀಯಲ್ಲ, ಈಕಿಗೆ ಹೇಳು."

ನಾಲ್ಕು ವರ್ಷ ಗಂಟಲಲ್ಲಿದ್ದದ್ದು ಅಲ್ಲಿ ಹೊರಬಿತ್ತು. ನಾನು ಜೋರಾಗಿ ಅತ್ತುಬಿಟ್ಟೆ. ಕಣ್ಣೊರೆಸಿಕೊಳ್ಳಲು ಬಲಗೈ ಇತ್ತು, ಎಡಗೈ ಮಾತ್ರ ಹಾಗೇ ಹಿಡಿದಿದ್ದೆ. ಅಪ್ಪನ ಕೈಗೆ ಸಿಗದಿದ್ದ ಆ ಭಾರ ನನ್ನ ಕೈಯಲ್ಲಿತ್ತು, ಅದನ್ನು ಕೆಳಗಿಡಲು ನನಗೆ ಮನಸ್ಸಾಗಲಿಲ್ಲ. ಹಿತ್ತಲಲ್ಲಿ ಮಳೆಯ ಸಪ್ಪಳ ಇತ್ತು, ಅಷ್ಟೇ.

ಅತ್ತೆ ಒಂದು ಗಳಿಗೆ ಕಾಯ್ದರು. ಆಮೇಲೆ ಬಟ್ಟಲಿನ ತೀರ್ಥವನ್ನು ಎತ್ತಿ ಕುಡಿದರು. ಸಿಹಿ ಹತ್ತಿ ನನ್ನತ್ತ ಓರೆಗಣ್ಣಿನಿಂದ ನೋಡಿ, ಉಳಿದದ್ದನ್ನೂ ಗಟಗಟ ಮುಗಿಸಿದರು.

"ಇವತ್ತ ಬಾಯಿ ಬಿಡೂ ಹಂಗ ಕಾಣೂದಿಲ್ಲ ಅಂವ" ಎಂದರು. "ನಾಳೆ ಮತ್ತ ಕೇಳೂಣು. ರೊಟ್ಟಿ ತಾ."

ಡಾಕ್ಟರರು ಬಂದಾಗ ಅತ್ತೆ ಎರಡನೆಯ ರೊಟ್ಟಿಯಲ್ಲಿದ್ದರು. ಇನ್ಸುಲಿನ್ ವಿಷಯಕ್ಕೆ ಡಾಕ್ಟರರು ನನ್ನನ್ನು ಚೆನ್ನಾಗಿಯೇ ಬೈದರು. ಬೈಸಿಕೊಂಡೆ.

ಅವತ್ತಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ನಮ್ಮ ಕೂಟ. ನನ್ನ ಕೈ, ಅವರ ಬಾಯಿ. ಮೊದಲು ಅವರ ಮಣಿಕಟ್ಟಿನ ಪ್ರಶ್ನೆ, ಆಮೇಲೆ ನಮ್ಮಪ್ಪನದು. ದಿನ ಹೋದಂತೆ ಹೀರಾಬಾಯಿಯ ಮಂಡಿನೋವು, ಹೋದ ಮಹಾಪುರದಲ್ಲಿ ಮನೆ ಬಿದ್ದ ಶಿರೋಳದ ನಾಗೂಬಾಯಿ, ಎಲ್ಲವೂ ಸೇರಿಕೊಂಡವು. ತಂಗಿಯ ಜೊತೆ ಮಾತು ಬಿಟ್ಟಿದ್ದರೂ ಅವಳ ಪರವಾಗಿ ದೇವರನ್ನು ಬೈಯುವುದನ್ನು ಬಿಡಲಿಲ್ಲ. ನಾನೂ ನಡುನಡುವೆ ಒಂದೆರಡು ಮಾತು ಸೇರಿಸತೊಡಗಿದೆ. ಅಪ್ಪ ಹೋದ ಮೇಲೆ ದೇವರ ಜೊತೆ ನಾನು ಆಡಿದ ಮೊದಲ ಮಾತುಗಳು ಅವು, ಒಂದೂ ಒಳ್ಳೆಯ ಮಾತಲ್ಲ. ಆದರೆ ಬೈದ ಮೇಲೆ ಮಾಡಿದ ಚಹಾಕ್ಕೆ ರುಚಿ ಹೆಚ್ಚು.

ಆರು ವಾರಕ್ಕೆ ಕೊಲ್ಹಾಪುರಕ್ಕೆ ಕರೆದೊಯ್ದು ಪ್ಲಾಸ್ಟರ್ ತೆಗೆಸಿದೆವು. ಕೈ ಬಿಗಿದಿತ್ತು, ಒಂದು ತಿಂಗಳು ರಬ್ಬರ್ ಚೆಂಡು ಹಿಚುಕಬೇಕೆಂದರು. ಅತ್ತೆ ದೇವರ ಕೊರಳನ್ನೇ ಹಿಚುಕುವ ಉತ್ಸಾಹದಿಂದ ಹಿಚುಕಿದರು. ಅಲ್ಲಿಯವರೆಗೂ ನನ್ನ ಕೈಯೇ ನಡೆಯಿತು.

ದೀಪಾವಳಿ ಮುಗಿದ ಮರುವಾರ ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದೆ. ಅಡುಗೆಮನೆಯಿಂದ ಪಟಪಟ ಸಪ್ಪಳ. ಬಾಗಿಲಲ್ಲಿ ನಿಂತು ನೋಡಿದರೆ ಅತ್ತೆ ಎರಡೂ ಅಂಗೈಯಿಂದ ರೊಟ್ಟಿ ತಟ್ಟುತ್ತಿದ್ದರು. ತೆಳ್ಳಗೆ, ತಾಟಿನಗಲ, ಅಂಚು ಒಡೆಯದ ರೊಟ್ಟಿ. ಎಡಗೈ ನೆಟ್ಟಗಿಲ್ಲದವರು ತಟ್ಟುವ ರೊಟ್ಟಿಯಲ್ಲ ಅದು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ನನ್ನ ಕೆಲಸ ಮುಗಿಯಿತಲ್ಲ ಎಂದು ಎದೆ ಸ್ವಲ್ಪ ಬರಿದಾಯಿತು. ನಾನು ಸದ್ದಿಲ್ಲದೆ ಹೊರಗೆ ಹೋಗಿ ಬಟ್ಟೆ ಮಡಚುತ್ತ ಕೂತೆ.

ಏಳಕ್ಕೆ ಅತ್ತೆ ಕೂಗಿದರು. ಹೋದರೆ ಮಣೆ ಹಾಕಿ ಕೂತಿದ್ದಾರೆ, ಎದುರಿಗೆ ಇನ್ನೊಂದು ಮಣೆ ಇದೆ. ಕೈ ತೊಳೆದಿದ್ದರು, ಆದರೆ ಎಡಗೈಯ ಬಳೆಗಳ ಸಂದಿಯಲ್ಲಿ ಜೋಳದ ಹಿಟ್ಟು ಹಾಗೇ ಇತ್ತು. ಕರಡಿಗೆ ಬಿಚ್ಚಿ, ಲಿಂಗವನ್ನು ಬಲಗೈಯಲ್ಲಿ ಹಿಡಿದುಕೊಂಡು, ನನ್ನ ಮುಖ ನೋಡದೆ ಹೇಳಿದರು.

"ಎಡಗೈಯಾಗ ಇನ್ನೂ ಬಲಾ ಬಂದಿಲ್ಲ ನೋಡವಾ."

ಐವತ್ತೆರಡು ವರ್ಷದಲ್ಲಿ ಲಿಂಗದ ಎದುರು ಅತ್ತೆ ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ನಾನು ಎದುರಿನ ಮಣೆಯ ಮೇಲೆ ಕೂತು ಕೈ ಚಾಚಿದೆ.